ಎಟಿಮ್‌ಆನ್‌ಲೈನ್: ‘ಚೇಂಜ್’ ಪದವನ್ನಿಟ್ಟು ನೋಡಿದ ವಿಮರ್ಶೆ

ಇಂಗ್ಲಿಷ್ ಪದಗಳ ಹುಟ್ಟು ಹುಡುಕುವವರು ಮೊದಲು ತೆರೆಯುವುದು ಅಮೆರಿಕದ ಡಗ್ಲಾಸ್ ಹಾರ್ಪರ್ ಕಟ್ಟಿದ ಎಟಿಮ್‌ಆನ್‌ಲೈನ್ ತಾಣವನ್ನು. ಹಣ ಕೊಡಬೇಕಿಲ್ಲ, ಖಾತೆಯೂ ಬೇಡ. ಇಂಥ ನಿಘಂಟಿನ ಕಸುವು ಗೊತ್ತಾಗುವುದು ಅಪರೂಪದ ಪದದಿಂದಲ್ಲ, ದಿನವೂ ಬಾಯಲ್ಲಿ ಓಡಾಡುವ ಪದದಿಂದ. ‘ಚೇಂಜ್’ ಅದಕ್ಕೆ ಹೇಳಿ ಮಾಡಿಸಿದಂತಿದೆ. ಬದಲಾವಣೆ, ಬಟ್ಟೆ ಬದಲಿಸುವುದು, ಕೊಟ್ಟ ನೋಟಿಗೆ ಮರಳಿ ಬರುವ ಚಿಲ್ಲರೆ, ಎಲ್ಲವೂ ಅದರೊಳಗಿವೆ.

ಪದ ಹಾಕಿದರೆ ನಾಮಪದಕ್ಕೊಂದು, ಕ್ರಿಯಾಪದಕ್ಕೊಂದು ನಮೂದು ಬರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ನಾಮಪದದ ನಮೂದು ಹಳೆ ಫ್ರೆಂಚಿಗೆ ಬಂದು ನಿಲ್ಲುತ್ತದೆ, ಮುಂದಿನದಕ್ಕೆ ಕ್ರಿಯಾಪದವನ್ನು ನೋಡಿ ಎನ್ನುತ್ತದೆ. ಅಷ್ಟಕ್ಕೇ ಬಿಟ್ಟವರಿಗೆ ಇದು ಫ್ರೆಂಚ್ ಪದ ಎಂದಷ್ಟೇ ಗೊತ್ತಾಗುತ್ತದೆ. ಮೂಲ ಬೇಕಾದವರು ಕ್ರಿಯಾಪದದಿಂದಲೇ ಶುರು ಮಾಡಬೇಕು. ಅರ್ಥಗಳು ಯಾವಾಗ ಕವಲೊಡೆದವು ಎಂದು ತಿಳಿಯಬೇಕಾದರೆ ನಾಮಪದಕ್ಕೂ ಬರಬೇಕು.

ಕ್ರಿಯಾಪದದ ನಮೂದು ನಿಜಕ್ಕೂ ಸೊಗಸಾಗಿದೆ. ಹಳೆ ಫ್ರೆಂಚಿನ ‘ಚಾಂಜಿಯೆರ್’, ಅದರ ಹಿಂದೆ ಲ್ಯಾಟಿನ್ನಿನ ‘ಕಂಬಿಯಾರೆ’, ಇನ್ನೂ ಹಿಂದೆ ‘ಕಂಬೀರೆ’. ಅರ್ಥ: ಒಂದು ವಸ್ತು ಕೊಟ್ಟು ಇನ್ನೊಂದು ಪಡೆಯುವುದು. ಅಂದರೆ ಲ್ಯಾಟಿನ್ನಿನಲ್ಲಿ ಇದು ಕೊಡುಕೊಳ್ಳುವಿಕೆಯ ಮಾತು. ಚಿಲ್ಲರೆ ಎಂಬ ಅರ್ಥ ಇಂಗ್ಲಿಷ್ ಬರಹದಲ್ಲಿ ಕಾಣುವುದು 1620ರ ದಶಕದಲ್ಲಾದರೂ ಬೇರಿಗೆ ಅದು ಬಹಳ ಹತ್ತಿರ. ‘ಎಕ್ಸ್‌ಚೇಂಜ್’ ಇದರ ಒಡಹುಟ್ಟು. ಮರದ ತೊಗಟೆಗೂ ಕಟ್ಟಿಗೆಗೂ ನಡುವಿನ ಬೆಳೆಯುವ ಪದರಕ್ಕೆ ಸಸ್ಯಶಾಸ್ತ್ರದಲ್ಲಿ ‘ಕ್ಯಾಂಬಿಯಂ’ ಎನ್ನುತ್ತಾರಲ್ಲ, ಅದೂ ಇದೇ ಮನೆತನದ್ದು.

ಲ್ಯಾಟಿನ್ನಿಗೆ ಈ ಪದ ಬಂದದ್ದು ಐರಿಷ್, ವೆಲ್ಷ್‌ಗಳ ಕುಟುಂಬವಾದ ಕೆಲ್ಟಿಕ್ ಭಾಷೆಗಳಿಂದ ಎಂಬುದು ಒಪ್ಪಿತ ವಿವರಣೆ. ಹಳೆ ಐರಿಷ್‌ನಲ್ಲಿ ‘ಕಮ್’ ಎಂದರೆ ಡೊಂಕು. ಅದರಾಚೆ, ಯುರೋಪಿನ ಹೆಚ್ಚಿನ ಭಾಷೆಗಳಿಗೂ ಸಂಸ್ಕೃತಕ್ಕೂ ಪೂರ್ವಜವೆಂದು ಊಹಿಸಲಾದ ಮೂಲ ಇಂಡೋ-ಯುರೋಪಿಯನ್ ಭಾಷೆಯ ‘*ಕೆಂಬ್’ ಎಂಬ ಧಾತು, ಬಾಗು ಎಂಬರ್ಥದ್ದು. ಬಾಗುವುದರಿಂದ ತಿರುಗುವುದು, ತಿರುಗುವುದರಿಂದ ಬದಲಿಸುವುದು, ಅಲ್ಲಿಂದ ವಿನಿಮಯ. ಈ ಸರಪಳಿಯನ್ನು ತಾಣವೂ ‘ಬಹುಶಃ’ ಎಂದೇ ಕೊಡುತ್ತದೆ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ಕೆಲ್ಟಿಕ್ ಮೂಲಕ್ಕೂ ‘ಬಹುಶಃ’ ಸೇರಿಸುತ್ತದೆ. ಬೇರೆಡೆ ಬರೆಯುವಾಗ ಜನ ಮೊದಲು ಕೈಬಿಡುವುದೇ ಆ ಪದವನ್ನು. ಧಾತುವಿನ ಮುಂದಿನ ನಕ್ಷತ್ರ ಚಿಹ್ನೆಯನ್ನೂ ಬಿಡಬಾರದು. ಆ ರೂಪ ಎಲ್ಲೂ ಬರಹದಲ್ಲಿ ಸಿಕ್ಕಿಲ್ಲ, ವಿದ್ವಾಂಸರು ಹೋಲಿಕೆಯಿಂದ ಪುನಾರಚಿಸಿದ್ದು ಎಂಬುದನ್ನು ಅದು ಹೇಳುತ್ತದೆ.

ದೊಡ್ಡ ಕೊರತೆಯೆಂದರೆ ಧ್ವನಿ ಬದಲಾವಣೆಯ ವಿವರಣೆ ಇಲ್ಲದಿರುವುದು. ‘ಕಂಬಿಯಾರೆ’ ಯಾವ ದಾರಿಯಲ್ಲಿ ‘ಚೇಂಜ್’ ಆಯಿತು? ಎರಡು ನಿಯಮ ಗೊತ್ತಿದ್ದರೆ ಸಾಕು. ಲ್ಯಾಟಿನ್ನಿನಲ್ಲಿ ಪದದ ಮೊದಲು ಬರುವ ‘ಕ’ಕಾರ, ಮುಂದೆ ‘ಅ’ ಇದ್ದರೆ ಹಳೆ ಫ್ರೆಂಚಿನಲ್ಲಿ ‘ಚ’ ಆಗುತ್ತದೆ. ‘ಬಿ’ ಅಥವಾ ‘ಬೆ’ ಆದ ಮೇಲೆ ಇನ್ನೊಂದು ಸ್ವರ ಬಂದರೆ ಅದು ಹಲವು ಪದಗಳಲ್ಲಿ ‘ಜ’ ಆಗುತ್ತದೆ; ಕೆಂಪು ಎಂಬರ್ಥದ ‘ರುಬೆಯುಸ್’ ‘ರೂಜ್’ ಆದದ್ದು ಹಾಗೆ. ಮುಂದೆ ಫ್ರೆಂಚರ ‘ಚ’ ‘ಷ’ ಆಯಿತು, ಆದರೆ ಇಂಗ್ಲಿಷ್ ಅಷ್ಟರಲ್ಲಾಗಲೇ ಪದವನ್ನು ಎರವಲು ಪಡೆದಿದ್ದರಿಂದ ‘ಚ’ ಉಳಿಸಿಕೊಂಡಿತು. ಒಂದೇ ಲ್ಯಾಟಿನ್ ಪದ ‘ಕಪುಟ್’ನಿಂದ ಬಂದ ‘ಚೀಫ್’ ಹಳೆಯ ಎರವಲು, ‘ಷೆಫ್’ ಹೊಸದು. ಈ ನಿಯಮಗಳಿಲ್ಲದೆ ನಮೂದು ಓದಿದರೆ ಬರಿಯ ಹೆಸರುಗಳ ಸಾಲು ಕಾಣುತ್ತದೆ, ಒಂದರಿಂದ ಇನ್ನೊಂದಕ್ಕೆ ಹೋದ ದಾರಿ ಕಾಣುವುದಿಲ್ಲ.

ವರ್ಷಗಳ ವಿಷಯದಲ್ಲೂ ಎಚ್ಚರ ಬೇಕು. ನಾಮಪದಕ್ಕೆ ಸುಮಾರು 1200 ಎಂದಿದ್ದರೆ ಪದ ಅಂದು ಹುಟ್ಟಿತು ಎಂದಲ್ಲ. ಉಳಿದುಬಂದಿರುವ ಅತಿ ಹಳೆಯ ಬರಹ ಆ ಕಾಲದ್ದು ಎಂದರ್ಥ. ಮಾತಿನಲ್ಲಿ ಅದಕ್ಕೂ ಮೊದಲೇ ಇದ್ದಿರಬಹುದು. ಮೊದಲ ವರ್ಷವನ್ನು ಎಲ್ಲ ಅರ್ಥಗಳಿಗೂ ಹೊಂದಿಸುವುದು ಸಾಮಾನ್ಯ ತಪ್ಪು. ಕ್ರಿಯಾಪದದಲ್ಲಿ ಬಟ್ಟೆ ಬದಲಿಸುವ ಅರ್ಥ 15ನೇ ಶತಮಾನದ ಕೊನೆಯದು, ಮನಸ್ಸು ಬದಲಿಸುವುದು 1590ರ ದಶಕದ್ದು.

ಇಷ್ಟೆಲ್ಲ ವರ್ಷ ಕೊಟ್ಟರೂ ಅದಕ್ಕೆ ಆಧಾರವಾದ ಮೂಲ ವಾಕ್ಯಗಳನ್ನು ಸಾಲುಸಾಲಾಗಿ ಕೊಡುವುದು ಈ ತಾಣದ ಪದ್ಧತಿಯಲ್ಲ. ಆಧಾರ ಬೇಕಿದ್ದರೆ ಮಿಷಿಗನ್ ವಿಶ್ವವಿದ್ಯಾಲಯದ, ಸುಮಾರು 1100ರಿಂದ 1500ರವರೆಗಿನ ಇಂಗ್ಲಿಷಿಗೆ ಮೀಸಲಾದ ಮಿಡಲ್ ಇಂಗ್ಲಿಷ್ ಡಿಕ್ಷನರಿಗೆ ಹೋಗಬೇಕು. 1952ರಿಂದ 2001ರವರೆಗೆ ಮುದ್ರಣವಾದ ಆ ನಿಘಂಟು ಈಗ ಆನ್‌ಲೈನ್‌ನಲ್ಲಿ ಉಚಿತ. ಅಲ್ಲಿನ ಶೀರ್ಷಿಕೆ ಪದ ಇಂದಿನ ಕಾಗುಣಿತದಲ್ಲಿಲ್ಲ. ‘ಎ’ ಆದ ಮೇಲೆ ‘ಯು’ ಅಕ್ಷರ, ಕೊನೆಯಲ್ಲಿ ‘ಎನ್’ ಸೇರಿಸಿ ‘ಚೌಂಜೆನ್’ ಎಂದು ಹುಡುಕಬೇಕು. 1500ರ ನಂತರದ ಅರ್ಥಗಳಿಗೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯೇ ಗತಿ. ಅದರ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಾಗಿ ಬಂತು, 2000ದಿಂದ ನಿಘಂಟು ಆನ್‌ಲೈನ್‌ನಲ್ಲಿದೆ. ಪೂರ್ತಿ ನೋಡಲು ಚಂದಾ ಬೇಕು. ಗ್ರಂಥಾಲಯದ ಸದಸ್ಯತ್ವದ ಮೂಲಕ ಸಿಗುವುದೂ ಉಂಟು, ಮೊದಲು ಅಲ್ಲಿ ಕೇಳುವುದು ಒಳಿತು.

ಮೊದಲ ಹತ್ತು ನಿಮಿಷಕ್ಕೆ ಎಟಿಮ್‌ಆನ್‌ಲೈನ್‌ನಷ್ಟು ಚುರುಕಾದ ಸಾಧನ ಇನ್ನೊಂದಿಲ್ಲ. ಲೇಖನದಲ್ಲೋ ಪಾಠದಲ್ಲೋ ಬಳಸುವಾಗ ಮಾತ್ರ ಅರ್ಥ ಯಾವುದು, ವರ್ಷ ಯಾವುದು ಎನ್ನುವುದರ ಜೊತೆಗೆ ನೋಡಿದ ದಿನಾಂಕವನ್ನೂ ಬರೆದಿಡಿ. ನಮೂದುಗಳು ಪರಿಷ್ಕರಣೆಯಾಗುತ್ತಿರುತ್ತವೆ, ಹಳೆಯ ಪ್ರಯೋಗವೊಂದು ಸಿಕ್ಕರೆ ವರ್ಷವೇ ಹಿಂದಕ್ಕೆ ಸರಿಯುತ್ತದೆ.