ಲಿಯೊನೋರಾದ ಹೆರಿಟೇಜ್ ಸರ್ವೆ: 5ಕ್ಕೆ 3 ಸ್ಟಾರ್

ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ ಚಿನ್ನಕ್ಕೆ ಕೊರೆಯುವ ಮುಂಚೆ, ಮೂಲನಿವಾಸಿಗಳ ಮುಖ್ಯ ಜಾಗಗಳಿಗೆ ಏಟು ಬೀಳದಿರಲಿ ಅಂತ ಅವರ ಹಿರಿಯರ ಜೊತೆ ನೆಲ ನಡೆದು ನೋಡುವುದೇ ಹೆರಿಟೇಜ್ ಸರ್ವೆ. ಲಿಯೊನೋರಾ ಹತ್ತಿರ ನಮ್ಮ ಕಂಪನಿ ಅದನ್ನು ಒಂದು ಕನ್ಸಲ್ಟೆನ್ಸಿಯಿಂದ ಮಾಡಿಸಿತು. ಮೊದಲು ಬೈಗುಳ ಮುಗಿಸಿಬಿಡುತ್ತೇನೆ. ರಿಪೋರ್ಟ್ ಜೊತೆ ಬಂದ ಮ್ಯಾಪ್ ಫೈಲ್ ತೆರೆದರೆ ನಮ್ಮ ಡ್ರಿಲ್ ಲೈನ್‌ಗಳೆಲ್ಲ, ಅಂದರೆ ನಾವು ಕೊರೆಯಬೇಕಾದ ಸಾಲುಗಳೆಲ್ಲ, ಸುಮಾರು 580 ಕಿಲೋಮೀಟರ್ ಪಶ್ಚಿಮಕ್ಕೆ, ಜೆರಾಲ್ಟನ್ ಕಡೆಯ ಗೋಧಿ ಸೀಮೆಗೆ ಹೋಗಿ ಕೂತಿದ್ದವು. ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಭಾಗಿಸುವ ಮ್ಯಾಪ್ ಗ್ರಿಡ್ಡಿನಲ್ಲಿ ಝೋನ್ 51 ಅಂತ ಇರಬೇಕಾದ ಕಡೆ 50 ಅಂತ ಹಾಕಿದ್ದರು. ಒಂದೇ ಒಂದು ಅಂಕಿ. ನಮ್ಮ ಡ್ರಿಲ್ಲರ್ ಅದನ್ನೇ ನಂಬಿ ಹೊರಟಿದ್ದರೆ ಯಾರದೋ ಹೊಲದಲ್ಲಿ ಚಿನ್ನ ಹುಡುಕುತ್ತಿದ್ದ.

ನಾಲ್ಕು ವಾರದಲ್ಲಿ ಕೊಡುತ್ತೇವೆ ಅಂದ ರಿಪೋರ್ಟ್ ಬಂದಿದ್ದು ಹನ್ನೊಂದನೇ ವಾರಕ್ಕೆ. ಅದರಲ್ಲೂ ಹಳೇ ಟೆಂಪ್ಲೇಟ್. 'ಟಿಯರ್ 2 ಚಟುವಟಿಕೆ' ಅಂತ ಎರಡು ಕಡೆ ಬರೆದಿದ್ದಾರೆ. ಆ ಟಿಯರ್‌ಗಳು, ಅಂದರೆ ನೆಲವನ್ನು ಎಷ್ಟು ಕೆದಕುತ್ತೀರಿ ಅನ್ನುವುದರ ಮೇಲಿನ ದರ್ಜೆಗಳು, ವೆಸ್ಟರ್ನ್ ಆಸ್ಟ್ರೇಲಿಯಾದ 2021ರ ಹೆರಿಟೇಜ್ ಕಾಯ್ದೆಯವು. ಅದು ಪೂರ್ತಿ ಜಾರಿಗೆ ಬಂದಿದ್ದು 2023ರ ಜುಲೈ 1ಕ್ಕೆ. ಗಲಾಟೆ ಆಗಿ, ಅದೇ ವರ್ಷ ನವೆಂಬರ್ 15ಕ್ಕೆ 1972ರ ಹಳೇ ಕಾಯ್ದೆಯೇ ತಿದ್ದುಪಡಿಯೊಂದಿಗೆ ವಾಪಸ್ ಬಂತು. ನಮ್ಮ ಸರ್ವೆ ನಡೆದದ್ದು 2024ರ ಚಳಿಗಾಲದಲ್ಲಿ. ಇದೇ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವವರಿಗೆ ಇಷ್ಟು ಗೊತ್ತಿರಬೇಡವಾ? ಕನ್ಸಲ್ಟೆನ್ಸಿಯ ಹೆಸರು ಹೇಳುವುದಿಲ್ಲ. ಈ ಸೀಮೆಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು.

ಇಷ್ಟಾದ ಮೇಲೂ 3 ಸ್ಟಾರ್ ಯಾಕೆ ಅಂದರೆ, ಅದು ರಿಪೋರ್ಟಿಗಲ್ಲ. ನೆಲದ ಮೇಲೆ ನಡೆದವರಿಗೆ.

ನಾನು ಸಂಡೂರಿನವಳು. ಕೆಂಪು ದೂಳು ಹೊಸದಲ್ಲ. ಈಗ ಕಾಲ್ಗೂರ್ಲಿಯಲ್ಲಿ ಒಂದು ಸಣ್ಣ ಚಿನ್ನದ ಪರಿಶೋಧನಾ ಕಂಪನಿಯಲ್ಲಿದ್ದೇನೆ. ಲೈಸೆನ್ಸ್ ಸಿಕ್ಕ ಜಾಗಕ್ಕೆ ರಿಗ್ ಇಳಿಸುವ ಮುಂಚೆ ಬೇಕಾದ ಒಪ್ಪಂದ, ಅನುಮತಿ ಎಲ್ಲ ನೋಡಿಕೊಳ್ಳುವುದು ನನ್ನ ಕೆಲಸ. ಮೂಲನಿವಾಸಿಗಳಿಗೆ ತಮ್ಮ ನೆಲದ ಮೇಲೆ ಹಕ್ಕಿದೆ ಅಂದ 1992ರ ಮಾಬೊ ತೀರ್ಪು, ಆಮೇಲೆ 1993ರ ನೇಟಿವ್ ಟೈಟಲ್ ಕಾಯ್ದೆ ಬಂದ ಮೇಲೆ, ಇಲ್ಲಿಯ ಮೂಲನಿವಾಸಿಗಳ ಜೊತೆ ಹೆರಿಟೇಜ್ ಒಪ್ಪಂದ ಮಾಡಿಕೊಂಡೇ ಕಂಪನಿಗಳು ಮುಂದೆ ಹೋಗುವುದು ಸಾಮಾನ್ಯ. ನೋಟಿಸ್ ಎಷ್ಟು ದಿನ ಮುಂಚೆ, ಹಿರಿಯರು ಎಷ್ಟು ಜನ ಬರುತ್ತಾರೆ, ದಿನಕ್ಕೆ ಎಷ್ಟು, ಗಾಡಿ ಯಾರದು, ಎಲ್ಲ ಅದರಲ್ಲಿರುತ್ತದೆ. 1972ರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದೆ ಅವರ ಜಾಗ ಕೆಡಿಸುವುದು ಅಪರಾಧ. ಕೆಡಿಸಲೇಬೇಕು ಅಂದರೆ 18ನೇ ಸೆಕ್ಷನ್‌ನಲ್ಲಿ ಮಂತ್ರಿಯ ಒಪ್ಪಿಗೆ ಬೇಕು.

ಸರ್ವೆಯಲ್ಲಿ ಮುಖ್ಯವಾಗಿ ಎರಡು ಥರ. ಒಂದರಲ್ಲಿ ಸಿಕ್ಕಿದ್ದನ್ನೆಲ್ಲ ಅಳೆದು, ಫೋಟೋ ತೆಗೆದು, ದಾಖಲೆ ಮಾಡುತ್ತಾರೆ. ಇನ್ನೊಂದು ಕ್ಲಿಯರೆನ್ಸ್ ಸರ್ವೆ. ಇಲ್ಲಿ ಕೊರೆಯಬಹುದು, ಅಲ್ಲಿ ಬೇಡ, ಅಷ್ಟೇ. ಯಾಕೆ ಬೇಡ ಅಂತ ಹೇಳಬೇಕಾಗಿಲ್ಲ. ನಾವು ತಗೊಂಡಿದ್ದು ಎರಡನೆಯದು.

ಮೊದಲ ದಿನ ಬೆಳಗ್ಗೆ ಏಳಕ್ಕೆ ಲಿಯೊನೋರಾದ ಪೆಟ್ರೋಲ್ ಬಂಕ್ ಹತ್ತಿರ ಸೇರಿದೆವು. ಮೂರು ಗಾಡಿ. ಐದು ಜನ ಹಿರಿಯರು, ಒಬ್ಬ ಮಾನವಶಾಸ್ತ್ರಜ್ಞ, ಒಬ್ಬ ಆರ್ಕಿಯಾಲಜಿಸ್ಟ್, ನಾನು. ಇಲ್ಲಿ ಹಿರಿಯರನ್ನು ಕರೆಯುವುದೇ ಅಂಕಲ್, ಆಂಟಿ ಅಂತ. ನಮ್ಮವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಎರಡನೇ ಲೈನ್ ಹತ್ತಿರ ಅಂಕಲ್ ಒಬ್ಬರು ಗಾಡಿ ನಿಲ್ಲಿಸಲು ಹೇಳಿದರು. ನನ್ನ ಕಣ್ಣಿಗೆ ಕಂಡಿದ್ದು ಬೋಳು ಗ್ರಾನೈಟ್ ಬಂಡೆ, ಅದರ ಮೇಲೊಂದು ಚಪ್ಪಡಿ ಕಲ್ಲು. ಅವರು ಬಗ್ಗಿ ಚಪ್ಪಡಿಯನ್ನು ಪಕ್ಕಕ್ಕೆ ಸರಿಸಿದರು. ಕೆಳಗೆ ಕೊಡದ ಬಾಯಿಯಷ್ಟು ಅಗಲದ ತೂತು. ಒಳಗೆ ಕಪ್ಪಗೆ, ತಣ್ಣಗೆ ನೀರು. ಇಲ್ಲಿ ಅದಕ್ಕೆ ನಾಮಾ ಹೋಲ್ ಅನ್ನುತ್ತಾರೆ. ನನ್ನ ಬಾಯಿಂದ ಬಂದಿದ್ದು 'ದೊಣೆ'. ನಮ್ಮ ಕಡೆ ಬೆಟ್ಟ ಹತ್ತಿದವರೆಲ್ಲ ದೊಣೆ ನೀರು ನೋಡಿದ್ದಾರೆ. ಮುಚ್ಚಳ ಹಾಕಿದ ದೊಣೆ ಮಾತ್ರ ನಾನು ನೋಡಿರಲಿಲ್ಲ. ಪ್ರಾಣಿಗಳು ಕೆಡಿಸಬಾರದು, ಬಿಸಿಲಿಗೆ ಆರಬಾರದು ಅಂತ ಯಾರೋ ಯಾವ ಕಾಲದಲ್ಲೋ ಇಟ್ಟ ಕಲ್ಲು. ಅಂಕಲ್ ಎರಡು ಬೆರಳು ಅದ್ದಿ ನೋಡಿದರು. ಕಲ್ಲನ್ನು ಮೊದಲಿದ್ದ ಹಾಗೇ ಎಳೆದು ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, ಲೈನ್ ಎಷ್ಟು ಸರಿಸುತ್ತೀಯಾ ಅಂದರು. ಅರವತ್ತು ಮೀಟರ್ ಅಂದೆ. ನೂರು ಅಂದರು. ನೂರಾಯಿತು.

ಹತ್ತಿರದಲ್ಲೇ ಮಲ್ಗಾ ಗಿಡದ ಬುಡದಲ್ಲಿ ಅರೆಯುವ ಕಲ್ಲೊಂದು ಅಂಗಾತ ಬಿದ್ದಿತ್ತು. ಬೀಜ ಅರೆದು ಅರೆದು ನಡುವೆ ತಟ್ಟೆಯ ಹಾಗೆ ತಗ್ಗಾಗಿತ್ತು. ಆರ್ಕಿಯಾಲಜಿಸ್ಟ್ ಹುಡುಗಿ ಅದನ್ನು ಎತ್ತಲಿಲ್ಲ, ಪಕ್ಕದಲ್ಲಿ ಮಂಡಿಯೂರಿ ನೋಡಿದಳು. ಅವಳ ಕೆಲಸಕ್ಕೆ ಪೂರ್ತಿ ಅಂಕ.

ಎರಡನೇ ದಿನ ಕೆಟ್ಟಿತು. ಏಳನೇ ಲೈನಿನ ಉತ್ತರದ ತುದಿಗೆ ಬಂದಾಗ ಇಬ್ಬರು ಆಂಟಿಯರು ಮಾತು ನಿಲ್ಲಿಸಿದರು. ಮಾನವಶಾಸ್ತ್ರಜ್ಞ ಗಂಡಸು. ಅಲ್ಲಿರುವುದು ಹೆಂಗಸರ ವಿಷಯ. ಅವನ ಮುಂದೆ ಅವರು ಬಾಯಿ ಬಿಡುವುದಿಲ್ಲ. 'ನೀನು ಬಾ, ಅವನು ಅಲ್ಲೇ ಇರಲಿ' ಅಂದರು ನನಗೆ. ನೀರಿನ ಕ್ಯಾನ್ ಹಿಡಿದು ಸ್ವಲ್ಪ ದೂರ ಹೋದೆ. ಆಮೇಲೆ ನನಗೂ ನಿಲ್ಲು ಅಂದರು. ನಿಂತೆ.

ಹೆಂಗಸೊಬ್ಬಳು ಬೇಕಾಗಬಹುದು ಅಂತ ನಾನು ಮೂರು ವಾರ ಮುಂಚೆಯೇ ಮೇಲ್ ಹಾಕಿದ್ದೆ. ಕನ್ಸಲ್ಟೆನ್ಸಿಯವರು 'ಗಮನಿಸಲಾಗಿದೆ' ಅಂತ ಉತ್ತರ ಕೊಟ್ಟು ಕೈ ತೊಳೆದುಕೊಂಡಿದ್ದರು. ಆ ತುದಿಯೊಂದಕ್ಕೋಸ್ಕರ ಹದಿನೈದು ದಿನ ಬಿಟ್ಟು ಮತ್ತೆ ಗಾಡಿ, ಮತ್ತೆ ಮೋಟೆಲ್, ಮತ್ತೆ ದಿನಗೂಲಿ. ಬಿಲ್ಲಿನಲ್ಲಿ ಅದಕ್ಕೆ ಬೇರೆ ಸಾಲು ಹಾಕಿದ್ದರು. ನಾನು ಒಪ್ಪಲಿಲ್ಲ. ಹಿರಿಯರ ದುಡ್ಡು ಪೂರ್ತಿ ಕೊಟ್ಟೆವು, ಕನ್ಸಲ್ಟೆನ್ಸಿ ತನ್ನ ಪಾಲು ಬಿಟ್ಟುಕೊಟ್ಟಿತು.

ಕೊನೆಗೆ ಆ ತುದಿಗೆ ರಿಪೋರ್ಟಿನಲ್ಲಿ ಬಂದಿದ್ದು ಒಂದೇ ವಾಕ್ಯ: ಇಲ್ಲಿ ಕೊರೆಯಬಾರದು. ನಮ್ಮ ಬಾಸ್‌ಗೆ ಅದು ಸಿಟ್ಟು ತಂದಿತು. "ಇಷ್ಟು ದುಡ್ಡು ಕೊಟ್ಟು ಖಾಲಿ ಜಾಗ ತಗೊಂಡ್ವಾ? ಏನಿದೆಯಂತೆ ಅಲ್ಲಿ?" ನನಗೆ ಗೊತ್ತಿಲ್ಲ ಅಂದೆ. ಗೊತ್ತಿದ್ದರೂ ಹೇಳುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ನಾವು ದುಡ್ಡು ಕೊಟ್ಟಿದ್ದೇ ಆ ಖಾಲಿ ಜಾಗಕ್ಕೆ. ಅವರು ಗುಟ್ಟು ಬಿಡದೆ ಜಾಗ ಉಳಿಸಿಕೊಂಡರು, ನಾವು ತಿಳಿಯದೇ ತಪ್ಪು ಮಾಡುವುದು ತಪ್ಪಿತು.

ಎಲ್ಲ ತಿಳಿದ ಮೇಲೂ ಏನಾಗುತ್ತದೆ ಅನ್ನುವುದಕ್ಕೆ ಇದೇ ರಾಜ್ಯದ ಪಿಲ್ಬರಾ ಸೀಮೆಯ ಜೂಕನ್ ಕಣಿವೆಯ ಗುಹೆ ನೋಡಿ. ರಿಯೊ ಟಿಂಟೊ ಕಂಪನಿಗೆ 2013ರಲ್ಲೇ 18ನೇ ಸೆಕ್ಷನ್ ಒಪ್ಪಿಗೆ ಸಿಕ್ಕಿತ್ತು. 2014ರಲ್ಲಿ ಅಲ್ಲಿ ಅಗೆದಾಗ ಸುಮಾರು 4,000 ವರ್ಷ ಹಿಂದಿನ, ಕೂದಲಲ್ಲಿ ಹೆಣೆದ ಪಟ್ಟಿಯ ತುಂಡು ಸಿಕ್ಕಿತು. ಅದರ ಡಿಎನ್ಎ ಈಗ ಬದುಕಿರುವ ಅಲ್ಲಿನ ಜನರದಕ್ಕೆ ಹೊಂದಿತು. ಜನ 46,000 ವರ್ಷ ಹಿಂದೆಯೇ ಬಂದುಹೋಗುತ್ತಿದ್ದ ಜಾಗ. ಇದೆಲ್ಲ ರಿಪೋರ್ಟಿನಲ್ಲಿ ಇತ್ತು. 2020ರ ಮೇ 24ಕ್ಕೆ ಸ್ಫೋಟಿಸಿದರು. ಸಿಇಒ ಕೆಲಸ ಕಳೆದುಕೊಂಡ, ಪಾರ್ಲಿಮೆಂಟು ವಿಚಾರಣೆ ಮಾಡಿತು. ಗುಹೆ ಹೋಗಿಯಾಗಿತ್ತು.

ನಮ್ಮೂರಿನವರು ನಗಬೇಕಾಗಿಲ್ಲ. ಬಳ್ಳಾರಿ ಪಕ್ಕ ಸಂಗನಕಲ್ಲು, ಕುಪ್ಪಗಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಗೀರುಚಿತ್ರ ಇವೆ, ಬಡಿದರೆ ಗಂಟೆಯ ಹಾಗೆ ದನಿ ಕೊಡುವ ಕಲ್ಲುಗಳಿವೆ. ಅಲ್ಲೇ ಗ್ರಾನೈಟ್ ಕ್ವಾರಿಯೂ ನಡೆಯಿತು. ಚಿಕ್ಕವಳಿದ್ದಾಗ ಬಸ್ಸಿನಿಂದ ನೋಡಿ, ಕಲ್ಲು ಒಡೆಯುತ್ತಿದ್ದಾರೆ ಅಂದುಕೊಂಡಿದ್ದೆ, ಅಷ್ಟೇ.

ಈ ಸರ್ವೆ ಮಾಡಿಸುವವರಿಗೆ ನನ್ನ ಮಾತು: ಕೊಟೇಶನ್ನಿನಲ್ಲಿ ಅಗ್ಗ ಹುಡುಕಬೇಡಿ. ಯಾವ ಹಿರಿಯರು ಬರಬೇಕು ಅನ್ನುವುದನ್ನು ಅವರ ಸಂಸ್ಥೆಗೇ ಬಿಡಿ. ಹೆಣ್ಣು, ಗಂಡು ಇಬ್ಬರೂ ಮಾನವಶಾಸ್ತ್ರಜ್ಞರನ್ನು ಮೊದಲೇ ಕೇಳಿ, ಇಮೇಲ್‌ನಲ್ಲಿ ಅಲ್ಲ, ಕಾಂಟ್ರಾಕ್ಟಿನಲ್ಲಿ. ಬೇಸಿಗೆಯಲ್ಲಿ ಮಾತ್ರ ಇಡಲೇಬೇಡಿ, ಎಪ್ಪತ್ತು ದಾಟಿದವರು ನಡೆಯುತ್ತಾರೆ. ಚಹಾ, ಬಿಸ್ಕತ್, ಮಡಚುವ ಕುರ್ಚಿ ಜಾಸ್ತಿಯೇ ಇರಲಿ.

ನಮ್ಮ ಮುಂದಿನ ಸರ್ವೆಗೆ ಅದೇ ಅಂಕಲ್, ಅದೇ ಆಂಟಿಯರು ಒಪ್ಪಿದ್ದಾರೆ. ಕನ್ಸಲ್ಟೆನ್ಸಿ ಬೇರೆ. ಅವರ ಕಾಂಟ್ರಾಕ್ಟಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೇನೆ: ಝೋನ್ 51.