ಮಂಕಾದ ಅಲಾಯ್ ವೀಲ್‌ಗೆ ಹೊಳಪು: ಆಸಿಡ್, ಪೌಡರ್ ಕೋಟಿಂಗ್, ಡ್ರಿಲ್, ಕೈ ಪಾಲಿಶ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಮತ್ತು ಟ್ಯೂಬಿನಲ್ಲಿ ಬರುವ ಮೆಟಲ್ ಪಾಲಿಶ್‌ಗೆ. ಮಂಡ್ಯದಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನ ಅಲಾಯ್ ವೀಲ್‌ಗಳು ಬೂದು ಬಣ್ಣಕ್ಕೆ ತಿರುಗಿದ್ದವು. ಕಬ್ಬಿನ ಗದ್ದೆ ದಾರಿಯ ಕೆಸರು, ಬೋರ್‌ವೆಲ್‌ನ ಗಡಸು ನೀರು, ಬ್ರೇಕ್‌ನಿಂದ ಉದುರುವ ಪುಡಿ, ಎಲ್ಲ ಕಚ್ಚಿಕೊಂಡು ಕೂತಿತ್ತು. ಹೊಸ ಸೆಟ್ ಹಾಕಿಸುವಷ್ಟು ದುಡ್ಡು ಇರಲಿಲ್ಲ. ಹಾಗಾಗಿ ಬೇರೆ ಬೇರೆ ಚಕ್ರಕ್ಕೆ ಬೇರೆ ಬೇರೆ ವಿಧಾನ ಮಾಡಿ ನೋಡಿದೆ.

ಆಸಿಡ್ ಹತ್ತಿರವೂ ಹೋಗಬೇಡಿ. ವಾಟರ್ ಸರ್ವಿಸ್ ಮಾಡುವ ಒಂದು ಕಡೆ "ಐದೇ ನಿಮಿಷ ಸಾರ್, ಪಳಪಳ ಅನ್ನುತ್ತೆ" ಎಂದು ಆಸಿಡ್ ಕ್ಲೀನರ್ ಹೊಡೆದರು. ಕೊಳೆ ಹೋಯಿತು, ಒಣಗಿದ ಮೇಲೆ ಬಿಳಿ ಗೆರೆಗಳು ಎದ್ದವು. ಅಲ್ಯೂಮಿನಿಯಂ ಮೇಲೆ ಅದರದ್ದೇ ಆಕ್ಸೈಡ್‌ನ ತೆಳು ಪದರ ಇರುತ್ತದೆ, ಲೋಹವನ್ನು ಕಾಯುವುದು ಅದೇ. ಆಸಿಡ್ ಮೊದಲು ಅದನ್ನು ತಿನ್ನುತ್ತದೆ, ಆಮೇಲೆ ಲೋಹವನ್ನು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಇಟ್ಟರೆ ಏನಾಗುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಅಲ್ವಾ? ಇದೂ ಹಾಗೇ, ಇನ್ನೂ ಜೋರಾಗಿ. ಕಾಸ್ಟಿಕ್ ಸೋಡಾ ಇರುವ ಕ್ಲೀನರ್ ಕೂಡ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ.

ನನ್ನ ಕಾರಿನ ಸ್ಟೆಪ್ನಿಯೂ ಅಲಾಯ್. ಅದನ್ನು ಮೈಸೂರಿನಲ್ಲಿ ಪೌಡರ್ ಕೋಟಿಂಗ್‌ಗೆ, ಅಂದರೆ ಬಣ್ಣದ ಪುಡಿಯನ್ನು ಬಿಸಿಯಲ್ಲಿ ಕರಗಿಸಿ ಕೂರಿಸುವ ಕೆಲಸಕ್ಕೆ, ಕೊಟ್ಟೆ. ಕೆಲಸ ಚೆನ್ನಾಗಿದೆ, ಬಾಳಿಕೆಯೂ ಬರುತ್ತದೆ. ಆದರೆ ಅದು ಬಣ್ಣದ ಹೊಳಪು, ಲೋಹದ್ದಲ್ಲ. ಟೈರ್ ಬಿಚ್ಚಿಸಬೇಕು, ಮತ್ತೆ ಹಾಕಿಸಿ ಬ್ಯಾಲೆನ್ಸಿಂಗ್ ಮಾಡಿಸಬೇಕು. ಕೊಡುವ ಮುಂಚೆ ಹಳೇ ಬಣ್ಣ ಹೇಗೆ ತೆಗೆಯುತ್ತೀರಿ ಎಂದು ಕೇಳಿ. ಪೌಡರ್ ಕೂರಿಸಲು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಸಾಕು. ಹಳೇ ಬಣ್ಣ ಸುಡಲು ಅದಕ್ಕಿಂತ ತುಂಬಾ ಜಾಸ್ತಿ ಬಿಸಿ ಕೊಟ್ಟರೆ ಅಲಾಯ್‌ನ ಗಟ್ಟಿತನವೇ ಕಡಿಮೆಯಾಗುತ್ತದೆ.

ಡ್ರಿಲ್‌ಗೆ ಬಫಿಂಗ್ ವೀಲ್ (ಹೊಳಪು ಕೊಡುವ ಮೆತ್ತನೆ ಚಕ್ರ) ಸಿಕ್ಕಿಸಿದರೆ ಅಗಲ ಜಾಗದಲ್ಲಿ ಬೇಗ ಕೆಲಸ ಆಗುತ್ತದೆ, ಕಾರಿನ ಚಕ್ರದ ಕಡ್ಡಿಗಳ ಸಂದಿಗೆ ಹೋಗುವುದಿಲ್ಲ.

ಕೈ ಪಾಲಿಶ್‌ನಲ್ಲಿ ನಿಜವಾದ ತಲೆನೋವು ಉಜ್ಜುವುದಲ್ಲ, ಲ್ಯಾಕರ್. ಹೆಚ್ಚಿನ ಅಲಾಯ್ ವೀಲ್‌ಗಳಿಗೆ ಕಂಪನಿಯಿಂದಲೇ ಪಾರದರ್ಶಕ ಲ್ಯಾಕರ್ ಬಳಿದಿರುತ್ತಾರೆ. ಕಲ್ಲು ಬಡಿದು ಅದು ಸೀಳಿದರೆ ನೀರು ಒಳಗೆ ಹೋಗುತ್ತದೆ, ಲೋಹ ಅಡಿಯಲ್ಲೇ ಬೆಳ್ಳಗಾಗುತ್ತದೆ. ಮೇಲೆ ಎಷ್ಟು ಪಾಲಿಶ್ ಹಾಕಿದರೂ ಸುಮ್ನೆ ಕೈನೋವು. ಪರೀಕ್ಷೆ ಸುಲಭ. ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಚ್ಚಿ ಉಜ್ಜಿ. ಬಟ್ಟೆ ಕಪ್ಪಾದರೆ ಅಲ್ಲಿ ಬರೀ ಲೋಹ. ಕಪ್ಪಾಗದಿದ್ದರೆ ಲ್ಯಾಕರ್ ಇನ್ನೂ ಇದೆ.

ಅದನ್ನು ತೆಗೆಯಲು ಪೇಂಟ್ ರಿಮೂವರ್ ಬೇಕು. ಅಲ್ಯೂಮಿನಿಯಂಗೆ ಆಗುತ್ತದೆ ಎಂದು ಡಬ್ಬದ ಮೇಲೆ ಬರೆದಿರಲೇಬೇಕು. ಗ್ಲೌಸ್ ಹಾಕಿ, ಗಾಳಿಯಾಡುವ ಜಾಗದಲ್ಲಿ ಮಾಡಿ, ಟೈರ್ ಅಂಚಿಗೆ ಟೇಪ್ ಅಂಟಿಸಿ. ಅಗಲ ಭಾಗದಲ್ಲಿ ಲ್ಯಾಕರ್ ಬುಡುಬುಡು ಏಳುತ್ತದೆ. ಬೋಲ್ಟ್ ಗುಂಡಿಗಳ ಸುತ್ತ, ಕಡ್ಡಿಗಳ ಬುಡದಲ್ಲಿ ಮಾತ್ರ ಜಪ್ಪಯ್ಯ ಅಂದರೂ ಬರುವುದಿಲ್ಲ. ಮತ್ತೆ ಹಚ್ಚಬೇಕು, ಕಾಯಬೇಕು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಕೆರೆಯಬೇಕು. ಅಲ್ಲಿ ಚೂರು ಉಳಿದರೂ ಪಾಲಿಶ್ ಆದ ಮೇಲೆ ಮಂಕು ತೇಪೆಯಾಗಿ ಎದ್ದು ಕಾಣುತ್ತದೆ.

ಇದು ಮುಗಿದರೆ ಉಳಿದದ್ದು ಖುಷಿಯ ಕೆಲಸ. ಸೋಪು ನೀರಿನ ಜೊತೆ 400 ನಂಬರ್ ವಾಟರ್ ಪೇಪರ್, ಆಮೇಲೆ 800, 1200, 2000 (ನಂಬರ್ ಹೆಚ್ಚಿದಷ್ಟೂ ಪೇಪರ್ ನಯ). ಪ್ರತಿ ಸಲ ಉಜ್ಜುವ ದಿಕ್ಕು ಬದಲಿಸಿ, ಹಿಂದಿನ ಗೀರು ಪೂರ್ತಿ ಮಾಯವಾಗುವವರೆಗೆ ಮುಂದಿನ ನಂಬರ್ ಮುಟ್ಟಬೇಡಿ. ಕೊನೆಗೆ ಪಾಲಿಶ್. ನಾನು ಬಳಸಿದ್ದು ಆಟೋಸಾಲ್. ಆಸಿಡ್ ಬಿದ್ದ ಚಕ್ರ ಕೂಡ ಹೀಗೇ ಸರಿಹೋಯಿತು, 320ರಿಂದ ಶುರು ಮಾಡಬೇಕಾಯಿತು ಅಷ್ಟೇ.

ಲ್ಯಾಕರ್ ಇಲ್ಲದ ಅಲ್ಯೂಮಿನಿಯಂ ಮಳೆಗಾಲದಲ್ಲಿ ಮತ್ತೆ ಮಂಕಾಗುತ್ತದೆ. ವ್ಯಾಕ್ಸ್ ಹಚ್ಚುತ್ತಿರಬೇಕು, ಆಗಾಗ ಪಾಲಿಶ್ ಮುಟ್ಟಿಸಬೇಕು. ಭಾನುವಾರ ಮನೆ ಮುಂದೆ ಕಾರು ತೊಳೆಯುವುದು ನನಗೆ ಇಷ್ಟದ ಕೆಲಸ, ಅದಕ್ಕೇ ಇದು ನನಗೆ ಹೊಂದುತ್ತದೆ. ಪೇಪರ್, ರಿಮೂವರ್, ಟ್ಯೂಬ್ ಎಲ್ಲ ಸೇರಿದರೂ ಸ್ಟೆಪ್ನಿಯ ಕೋಟಿಂಗ್‌ಗೆ ಕೊಟ್ಟಷ್ಟು ಆಗಲಿಲ್ಲ. ಕಾರು ತೊಳೆಯಲು ಬೇರೆಯವರಿಗೆ ಕೊಡುವವರು ಪೌಡರ್ ಕೋಟಿಂಗ್ ಮಾಡಿಸಿ. ಕಪ್ಪು ಬಣ್ಣ ಬಳಿದ ಬೈಕ್ ಅಲಾಯ್‌ಗಳಿಗಂತೂ ಈ ಪಾಲಿಶ್ ಬೇಡವೇ ಬೇಡ. ಅವಕ್ಕೆ ಶಾಂಪೂ ನೀರು ಸಾಕು.