ಮಕ್ಕಳ ಕರಕುಶಲ ಪೆಟ್ಟಿಗೆ: ವರ್ಷ ದಾಟಿದ ಬಳಕೆಯ ನಂತರ

ತಿಂಗಳಿಗೊಮ್ಮೆ ಮನೆಗೆ ಬರುವ ಕರಕುಶಲ ಪೆಟ್ಟಿಗೆಗೆ ಚಂದಾದಾರಳಾಗಿ ವರ್ಷ ದಾಟಿದೆ. ಮಗಳಿಗೆ ಐದು ವರ್ಷ, ಮಗನಿಗೆ ಎರಡೂವರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪೆಟ್ಟಿಗೆಯೊಳಗಿನ ಸಾಮಗ್ರಿ ಬಲು ಚೆನ್ನಾಗಿದೆ, ಆದರೆ ಮಗು ಮಾಡಬೇಕಾದ ಕೆಲಸವನ್ನು ಕಂಪನಿಯವರೇ ಮುಕ್ಕಾಲು ಪಾಲು ಮುಗಿಸಿ ಕಳುಹಿಸುತ್ತಾರೆ.

ಗೂಬೆಯ ಮುಖವಾಡವನ್ನೇ ನೋಡಿ. ಕಣ್ಣು, ಕೊಕ್ಕು, ಗರಿ ಎಲ್ಲವೂ ಕತ್ತರಿಸಿ, ಹಿಂಬದಿಗೆ ಅಂಟು ಸವರಿಯೇ ಬಂದಿದ್ದವು. ಮಗಳು ಕಾಗದ ಸುಲಿದಳು, ಅಂಟಿಸಿದಳು, ಮುಗಿಯಿತು. ಚಿತ್ರದಲ್ಲಿದ್ದಂತೆಯೇ ಬಂದ ಆ ಗೂಬೆಯ ಕಡೆ ಮತ್ತೆ ತಿರುಗಿಯೂ ನೋಡಲಿಲ್ಲ. ಅದೇ ಪೆಟ್ಟಿಗೆಯಲ್ಲಿ ಮಿಕ್ಕ ರಟ್ಟಿನ ಚೂರುಗಳಿಂದ ಅವಳೇ ಕಟ್ಟಿದ ಮನೆಗೆ ಮೂರು ಬಾಗಿಲು, ಒಂದೂ ಕಿಟಕಿಯಿಲ್ಲ. ಗೋಡೆ ನಿಲ್ಲದೆ ವಾಲಿದಾಗ ರಟ್ಟಿನ ಅಂಚನ್ನು ಮಡಚಿ, ಆ ಮಡಿಕೆಗೆ ಅಂಟು ಹಚ್ಚಬೇಕೆಂದು ತಾನೇ ಕಂಡುಕೊಂಡಳು. ಯಾವ ಸೂಚನಾ ಹಾಳೆಯಲ್ಲೂ ಅದು ಇರಲಿಲ್ಲ.

ಕತ್ತರಿಯ ಬಗ್ಗೆ ವಿಶೇಷವಾಗಿ ಹೇಳಬೇಕು. ಮಗಳು ಎಡಗೈ ಬಳಸುವವಳು. ಬಂದದ್ದು ಬಲಗೈಯವರ ಕತ್ತರಿ. ಅದನ್ನು ಎಡಗೈಯಲ್ಲಿ ಹಿಡಿದರೆ ಬೆರಳುಗಳ ಒತ್ತಡಕ್ಕೆ ಅಲಗುಗಳು ಒಂದರಿಂದೊಂದು ದೂರ ಸರಿಯುತ್ತವೆ, ಕಾಗದ ಕತ್ತರಿಸದೆ ನಡುವೆ ಮಡಚಿಕೊಳ್ಳುತ್ತದೆ, ಗೆರೆಯೂ ಅಲಗಿನ ಹಿಂದೆ ಮರೆಯಾಗುತ್ತದೆ. ಬರೆದು ತಿಳಿಸಿದ ಮೇಲೆ ಎಡಗೈ ಕತ್ತರಿ ಕಳುಹಿಸಿದರು, ಅದಕ್ಕೆ ಕೃತಜ್ಞತೆ. ಹೆಬ್ಬೆರಳು ಮೇಲ್ಮುಖವಾಗಿರಲಿ ಎಂದಷ್ಟೇ ನೆನಪಿಸಿ, ಒಂದೇ ಕಚ್ಚಿಗೆ ತುಂಡಾಗುವಂಥ ಕಿರಿದಾದ ದಪ್ಪ ಕಾಗದದ ಪಟ್ಟಿಗಳನ್ನು ಕೊಟ್ಟೆ. ನೇರ ಗೆರೆ, ಬಾಗು ಗೆರೆ ಎಲ್ಲ ಆಮೇಲೆ ಬಂದವು. ಮಗು ಎಡಗೈಯದೇ ಎಂದು ಚಂದಾ ಪಡೆಯುವಾಗಲೇ ಇವರು ಕೇಳಬೇಕು.

ಬಣ್ಣಗಳ ಬಗ್ಗೆ ದೂರಿಲ್ಲ. ಡಬ್ಬಿಯ ಮೇಲೆ ಇಎನ್ 71 ಎಂದಿದೆ. ಅದು ಆಟಿಕೆಗಳ ಸುರಕ್ಷತೆಗಾಗಿ ಇರುವ ಯುರೋಪಿನ ಮಾನದಂಡ, ಸೀಸ, ಕ್ಯಾಡ್ಮಿಯಂನಂಥವು ಎಷ್ಟು ಹೊರಸೂಸಬಹುದೆಂಬುದಕ್ಕೆ ಅದರ 3ನೇ ಭಾಗ ಮಿತಿ ಹಾಕುತ್ತದೆ. ನೀರುಬಣ್ಣಕ್ಕೆ ಕೊಡುವ ಹಾಳೆ 200 ಜಿಎಸ್‌ಎಂನದು, ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವ ದಪ್ಪ ಹಾಳೆ. ಮುದ್ರಣಕ್ಕೆ ಬಳಸುವ 80 ಜಿಎಸ್‌ಎಂ ಹಾಳೆಯಂತೆ ನೀರು ತಾಗಿದೊಡನೆ ಸುರುಟಿಕೊಳ್ಳುವುದಿಲ್ಲ. ಮೇಣದ ಬಳಪಗಳು ಮೋಟಾಗಿವೆ, ಅದೇ ಒಳ್ಳೆಯದು: ಮುಷ್ಟಿಯಲ್ಲಿ ಹಿಡಿಯಲು ಜಾಗವಿಲ್ಲದೆ ಮಗನ ಬೆರಳ ತುದಿಗಳೇ ಕೆಲಸಕ್ಕೆ ಇಳಿಯುತ್ತವೆ. ಹಿಟ್ಟಿನ ಜೇಡಿ ಮಾತ್ರ ಮುಚ್ಚಳ ಸಡಿಲವಾದರೆ ಒಣಗುತ್ತದೆ. ಒದ್ದೆ ಕೈಯಲ್ಲಿ ನಾದಿದರೆ ಸ್ವಲ್ಪಮಟ್ಟಿಗೆ ಮೆತ್ತಗಾಗುತ್ತದೆ.

ಅಲುಗಾಡುವ ಪ್ಲಾಸ್ಟಿಕ್ ಕಣ್ಣು, ಮಣಿಗಳನ್ನು ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕೊಡಲೇಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಪೆಟ್ಟಿಗೆ ಬಂದೊಡನೆ ಅವನ್ನು ಬೇರೆ ಡಬ್ಬಿಗೆ ಹಾಕಿ ಎತ್ತರದಲ್ಲಿಡುತ್ತೇನೆ.

ಚಂದಾ ಬಿಟ್ಟಿಲ್ಲ, ಎರಡು ತಿಂಗಳಿಗೊಂದು ಪೆಟ್ಟಿಗೆ ಸಾಕೆಂದು ಬದಲಾಯಿಸಿಕೊಂಡಿದ್ದೇನೆ. ಸೂಚನಾ ಹಾಳೆಯನ್ನು ತೆಗೆದಿಟ್ಟು ಸಾಮಗ್ರಿಯನ್ನಷ್ಟೇ ಮಕ್ಕಳ ಮುಂದೆ ಹರಡುತ್ತೇನೆ. ಕತ್ತರಿಸಿದ ಆಕಾರಗಳೇ ಇಲ್ಲದ, ಬರೀ ಕಾಗದ, ರಟ್ಟು, ಅಂಟು, ಬಣ್ಣಗಳ ಪೆಟ್ಟಿಗೆಯೊಂದನ್ನು ಹೊರತನ್ನಿ ಎಂದು ಅವರಿಗೆ ಬರೆದಿದ್ದೇನೆ. ತಂದರೆ ಅಂದೇ ಅದಕ್ಕೆ ಬದಲಾಗುತ್ತೇನೆ.